ಎರಡರ ಡಬಲ್

ಕೇಳುಗರಿಗೆ ನಮಸ್ಕಾರ.

ಥಕ್. ಥಕ್. ಥಕ್. ಆಮೇಲೆ ಒಂದು ಗೊಗ್ಗರು ಗಂಟಲು: "ಒನ್ ಹಂಡ್ರೆಡ್ ಅಂಡ್ ಏಯ್ಟೀ!" ಅದರ ಬೆನ್ನಿಗೇ ಮೂರು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಎದ್ದು ಕೂಗುವ ಸದ್ದು. ಇಷ್ಟು ಕೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡಿದ್ದರೂ ಏನಾಯಿತು ಅಂತ ಗೊತ್ತಾಗುತ್ತದೆ. ಆಟಗಾರ ಮೂರು ಡಾರ್ಟ್, ಅಂದರೆ ಕೈಯಲ್ಲಿ ಎಸೆಯುವ ಪುಟ್ಟ ಬಾಣ, ಎಸೆದ, ಮೂರೂ ಇಪ್ಪತ್ತರ ಟ್ರಿಬಲ್‌ನಲ್ಲಿ, ಅಂದರೆ ಇಪ್ಪತ್ತಕ್ಕೆ ಮೂರರಷ್ಟು ಸಿಗುವ ಜಾಗದಲ್ಲಿ, ಹೋಗಿ ಕೂತವು, ನೂರ ಎಂಬತ್ತು ಸಿಕ್ಕಿತು. ನನ್ನ ಕೇಳಿದರೆ ರೇಡಿಯೋಗೆ ಇದಕ್ಕಿಂತ ಒಗ್ಗುವ ಆಟ ಇನ್ನೊಂದಿಲ್ಲ. ಆದರೆ ಇವತ್ತು ನಾನು ಹೇಳೋಕೆ ಬಂದಿರುವುದು ನೂರ ಎಂಬತ್ತರ ವಿಷಯ ಅಲ್ಲ. ಒಂದೇ ಒಂದು ಡಾರ್ಟಿನ ವಿಷಯ. ಅದು ಸರಿಯಾಗಿ ಬಿದ್ದಿದ್ದರೆ ಸಿಗುತ್ತಿದ್ದದ್ದು ಬರೀ ನಾಲ್ಕು ಪಾಯಿಂಟು. ಬೀಳಲಿಲ್ಲ.

ಊರು ಲಂಡನ್. ದಿನ 2024ರ ಜನವರಿ 3. ವಿಶ್ವ ಡಾರ್ಟ್ಸ್ ಚಾಂಪಿಯನ್‌ಶಿಪ್‌ನ ಫೈನಲ್. ಫಲಿತಾಂಶ ಒಂದೇ ಸಾಲಿನದು: ಲ್ಯೂಕ್ ಹಂಫ್ರೀಸ್ 7, ಲ್ಯೂಕ್ ಲಿಟ್ಲರ್ 4. ಇಬ್ಬರೂ ಇಂಗ್ಲೆಂಡಿನವರು, ಇಬ್ಬರ ಹೆಸರೂ ಲ್ಯೂಕ್. ಹಂಫ್ರೀಸ್‌ಗೆ 28 ವರ್ಷ, ಲಿಟ್ಲರ್‌ಗೆ 16. ಏಳು–ನಾಲ್ಕು ಅಂದರೆ ಸಲೀಸಾಗಿ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ? ಅದೇ ತಮಾಷೆ. ಅರ್ಧ ದಾರಿಯ ತನಕ ಗೆಲ್ಲುತ್ತಿದ್ದವನು ಆ ಹದಿನಾರರ ಹುಡುಗ. ಅದೆಲ್ಲ ಹೇಳುವ ಮುಂಚೆ ಬೋರ್ಡಿನ ಬಗ್ಗೆ ಎರಡು ಮಾತು ಹೇಳಬೇಕು.

ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಬೋರ್ಡು ತೂಗುಹಾಕಿದ್ದೇನೆ. ಗೋಡೆಗೆ ತೂತು ಬೀಳಬಾರದು ಅಂತ ಹಿಂದೆ ಥರ್ಮೋಕೋಲ್ ಹಾಳೆ ಇಟ್ಟೆ. ಆದರೂ ತೂತು ಬಿದ್ದಿವೆ. ಮನೆ ಓನರ್ ಬರುವ ದಿನ ನಮ್ಮ ಕ್ಯಾಲೆಂಡರು ಸ್ವಲ್ಪ ಎಡಕ್ಕೆ ಜರುಗಿರುತ್ತದೆ. ಈ ಬೋರ್ಡು ಮರದ್ದೋ ಕಾರ್ಕಿನದೋ ಇರಬೇಕು ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ನಾರು! ಸೈಸಲ್ ಅಂತಾರೆ, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯ ದಾಯಾದಿ. ನಮ್ಮಲ್ಲಿ ಕತ್ತಾಳೆ ನಾರಲ್ಲಿ ಹಗ್ಗ ಹೊಸೆದರೆ, ಅವರು ಅದನ್ನು ಕಟ್ಟುಕಟ್ಟಾಗಿ ಒತ್ತಿ, ತುದಿಗಳು ನಮ್ಮ ಕಡೆ ಮುಖ ಮಾಡುವ ಹಾಗೆ ಕೂರಿಸುತ್ತಾರೆ. ಡಾರ್ಟಿನ ಮೊನೆ ನಾರಿನ ನಡುವೆ ಜಾಗ ಮಾಡಿಕೊಂಡು ಒಳಗೆ ನುಗ್ಗುತ್ತದೆ. ಕಿತ್ತರೆ ನಾರು ಮತ್ತೆ ಕೂಡಿಕೊಳ್ಳುತ್ತದೆ, ಗಾಯ ಉಳಿಯಲ್ಲ. ಇದಕ್ಕೂ ಹಿಂದೆ ಎಲ್ಮ್ ಮರದ ಬೋರ್ಡು ಇದ್ದವು. ಅವು ಬಿರುಕು ಬಿಡದ ಹಾಗೆ ರಾತ್ರಿ ನೀರಲ್ಲಿ ನೆನೆಹಾಕಿ ಇಡಬೇಕಿತ್ತು. ನಾರಿನ ಬೋರ್ಡು ಬಂದದ್ದು 1930ರ ದಶಕದಲ್ಲಿ.

ಅಂಕಿಗಳನ್ನು ಕೂರಿಸಿರುವ ರೀತಿ ನೋಡಿ, ಭಾರಿ ಕಿತಾಪತಿ. ಮೇಲೆ ಮಧ್ಯದಲ್ಲಿ 20. ಅದರ ಎಡಕ್ಕೆ 5, ಬಲಕ್ಕೆ 1. ಆಸೆಪಟ್ಟು ಇಪ್ಪತ್ತಕ್ಕೆ ಗುರಿಯಿಟ್ಟು ಕೈ ಸ್ವಲ್ಪ ಅಲುಗಿತೋ, ಸಿಗುವುದು ಚಿಲ್ಲರೆ. 19 ಬೇಕು ಅಂದರೆ ಅದು 3 ಮತ್ತು 7ರ ನಡುವೆ ಕೂತಿದೆ. ನಾನು ಎಸೆದರೆ ಸಾಮಾನ್ಯವಾಗಿ ಒಂದು ಇಪ್ಪತ್ತು, ಒಂದು ಐದು, ಒಂದು ಒಂದು. ಒಟ್ಟು 26. ಇಂಗ್ಲೆಂಡಿನವರು ಇದಕ್ಕೆ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಅಂತ ಹೆಸರಿಟ್ಟಿದ್ದಾರೆ. ಹಿಂದಿನ ಕಾಲದಲ್ಲಿ ರಾತ್ರಿ ಮಲಗಿ ಬೆಳಗ್ಗೆ ತಿಂಡಿ ತಿಂದು ಹೊರಡೋಕೆ ಎರಡು ಶಿಲಿಂಗ್ ಆರು ಪೆನ್ಸ್ ಆಗುತ್ತಿತ್ತಂತೆ. ಎರಡು, ಆರು, ಇಪ್ಪತ್ತಾರು. ನಾನು ಆ ಲಾಡ್ಜಿನ ಖಾಯಂ ಗಿರಾಕಿ.

ಆಟದ ಲೆಕ್ಕ ಕೂಡೋದಲ್ಲ, ಕಳೆಯೋದು. 501ರಿಂದ ಶುರು. ಎಸೆದಷ್ಟು ಕಳೆಯುತ್ತಾ ಸೊನ್ನೆಗೆ ಬರಬೇಕು, ಹಾಗೆ ಮೊದಲು ಬಂದವರಿಗೆ ಒಂದು ಲೆಗ್. ಸುಮ್ನೆ ಬಂದರೆ ಆಗಲ್ಲ, ಕೊನೆಯ ಡಾರ್ಟ್ ಡಬಲ್‌ಗೇ ಬೀಳಬೇಕು. ನಟ್ಟನಡುವಿನ 50, ಅಂದರೆ ಬುಲ್, ಅದೂ ಡಬಲ್ ಅಂತಲೇ ಲೆಕ್ಕ. ಬೋರ್ಡಿನ ಹೊರ ಅಂಚಿನಲ್ಲಿ ಒಂದು ಕಿರಿದಾದ ಉಂಗುರ ಇದೆಯಲ್ಲ, ಅದೇ ಡಬಲ್, ಅಲ್ಲಿ ಬಿದ್ದರೆ ಅಂಕಿಯ ಎರಡರಷ್ಟು. ಅದರ ಅಗಲ ಎಂಟು ಮಿಲಿಮೀಟರ್. ಒಂದು ಕಡಲೆಕಾಳು ಇಟ್ಟರೆ ಮುಚ್ಚಿಹೋಗುತ್ತದೆ. ಆಟಗಾರ ನಿಲ್ಲುವ ಗೆರೆಗೆ ಒಕಿ ಅಂತಾರೆ. ಅಲ್ಲಿಂದ ಬೋರ್ಡಿಗೆ 2.37 ಮೀಟರ್ ದೂರ. ನಾನು ನಮ್ಮನೆ ನೆಲಕ್ಕೆ ಟೇಪ್ ಅಂಟಿಸಿ ಅಷ್ಟು ದೂರ ನಿಂತು ನೋಡಿದ್ದೇನೆ. ಆ ಉಂಗುರ ಬಣ್ಣದ ದಾರದ ಹಾಗೆ ಕಾಣುತ್ತದೆ.

ಹಾಗಾಗಿ ಪಳಗಿದವರು ಕೊನೆಗೆ 32 ಉಳಿಸಿಕೊಳ್ಳಲು ನೋಡುತ್ತಾರೆ. ಹದಿನಾರರ ಡಬಲ್. ಗುರಿ ತಪ್ಪಿ ಒಳಗಿನ 16ಕ್ಕೆ ಬಿತ್ತು ಅನ್ನಿ, ಇನ್ನೂ 16 ಉಳಿದಿದೆ, ಎಂಟರ ಡಬಲ್‌ಗೆ ಹೋಗಬಹುದು. ಅದೂ ತಪ್ಪಿದರೆ ನಾಲ್ಕರ ಡಬಲ್. ಅದೂ ತಪ್ಪಿದರೆ ಎರಡರ ಡಬಲ್. ಅಲ್ಲೂ ತಪ್ಪಿದರೆ ಒಂದರ ಡಬಲ್. ಆ ಒಂದರ ಡಬಲ್‌ಗೆ ಅವರ ಭಾಷೆಯಲ್ಲಿ ಹುಚ್ಚಾಸ್ಪತ್ರೆ ಅಂತ ಹೆಸರು, ಅಲ್ಲಿಗೆ ಹೋದವರು ಬೇಗ ಹೊರಗೆ ಬರಲ್ಲ. ಅಂದರೆ ಎರಡರ ಡಬಲ್ ಅನ್ನೋದು ಹುಚ್ಚಾಸ್ಪತ್ರೆಯ ಗೇಟು. ಗಡಿಯಾರದಲ್ಲಿ ಐದು ಗಂಟೆ ಇರುವ ಕಡೆ, ಕೆಳಗೆ ಬಲಕ್ಕೆ, 15 ಮತ್ತು 17ರ ನಡುವೆ ಇದೆ. ಅಲ್ಲಿಗೆ ಯಾರೂ ಬೇಕು ಅಂತ ಹೋಗಲ್ಲ.

ಇನ್ನು ಆಟ ನಡೆಯುವ ಜಾಗ. ಅಲೆಕ್ಸಾಂಡ್ರಾ ಪ್ಯಾಲೇಸ್, ಪ್ರೀತಿಯಿಂದ ಆಲಿ ಪ್ಯಾಲಿ. ಉತ್ತರ ಲಂಡನ್ನಿನ ಗುಡ್ಡದ ಮೇಲಿದೆ. 1873ರಲ್ಲಿ ಬಾಗಿಲು ತೆರೆದು ಹದಿನಾರೇ ದಿನಕ್ಕೆ ಬೆಂಕಿಗೆ ಆಹುತಿಯಾಯಿತು. ಎರಡು ವರ್ಷಕ್ಕೆ ಮತ್ತೆ ಕಟ್ಟಿದರು. 1936ರಲ್ಲಿ ಬಿಬಿಸಿಯವರು ದಿನವಹಿ ಟೆಲಿವಿಷನ್ ಪ್ರಸಾರ ಶುರು ಮಾಡಿದ್ದೂ ಇಲ್ಲಿಂದಲೇ. ರೇಡಿಯೋದಲ್ಲಿ ಕೂತು ಮಾತಾಡುವ ನನಗೆ ಆ ಕಟ್ಟಡದ ಮೇಲೆ ಒಂಚೂರು ಸಿಟ್ಟಿರುವುದು ಸಹಜ ತಾನೇ. 2007ರ ಡಿಸೆಂಬರ್‌ನಿಂದ ಈ ಚಾಂಪಿಯನ್‌ಶಿಪ್ ಅಲ್ಲಿ ನಡೆಯುತ್ತಿದೆ. ಕ್ರಿಸ್‌ಮಸ್‌ಗೆ ಮೊದಲು ಶುರುವಾಗಿ ಹೊಸ ವರ್ಷದ ಮೊದಲ ವಾರ ಮುಗಿಯುತ್ತದೆ. ಬಂದವರು ವೇಷ ಹಾಕಿಕೊಂಡು ಬರುತ್ತಾರೆ: ಬಾಳೆಹಣ್ಣು, ಪಾದ್ರಿ, ಟ್ರಾಫಿಕ್ ಕೋನ್. ಉದ್ದ ಮೇಜು, ಜಗ್ಗುಗಟ್ಟಲೆ ಬಿಯರ್, ಹಾಡು. ಜೊತೆಗೆ ಒಂದು ಕಣಜದ ಹುಳ. ನಿಜವಾಗಿ ಹೇಳುತ್ತಿದ್ದೇನೆ, ಡಿಸೆಂಬರ್ ಚಳಿಯಲ್ಲಿ ವೇದಿಕೆಯ ದೀಪದ ಕೆಳಗೆ ಕಣಜ ಬಂದು ಆಟಗಾರರ ಕತ್ತಿನ ಹತ್ತಿರ ಸುಳಿದಾಡುತ್ತದೆ. ವರ್ಷ ವರ್ಷವೂ ಬಂದು ಅದೂ ಆಲಿ ಪ್ಯಾಲಿಯ ಕಲಾವಿದನಾಗಿಬಿಟ್ಟಿದೆ.

ಮೊದಲು ಹೇಳಿದ ಗೊಗ್ಗರು ಗಂಟಲು ರಸ್ ಬ್ರೇ ಅವರದು. ಅಂಕ ಕೂಗುವ ರೆಫರಿ. ಅವರಿಗೆ 'ದಿ ವಾಯ್ಸ್' ಅಂತಲೇ ಹೆಸರು. ಆ 2024ರ ಚಾಂಪಿಯನ್‌ಶಿಪ್ ಮುಗಿಸಿ ಅವರು ನಿವೃತ್ತಿಯಾದರು.

ಇಂಥ ಬಿಯರಿನ ಜಾತ್ರೆಗೆ ಕಾನೂನು ಪ್ರಕಾರ ಬಿಯರ್ ಕೊಳ್ಳುವ ವಯಸ್ಸೂ ಆಗದ ಹುಡುಗ ಬಂದ. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರು ವಾರಿಂಗ್ಟನ್. ನಡೆಯಲು ಕಲಿತ ಹೊಸತರಲ್ಲೇ ಅಪ್ಪ ಕೊಡಿಸಿದ ಮ್ಯಾಗ್ನೆಟ್ ಬೋರ್ಡಿಗೆ ಡಾರ್ಟ್ ಎಸೆಯುತ್ತಿದ್ದವನು. ಮೊದಲ ಸುತ್ತಿನಲ್ಲಿ ಹಾಲೆಂಡಿನ ಕ್ರಿಸ್ಟಿಯನ್ ಕಿಸ್ಟ್ ಅವರನ್ನು 3–0ಯಿಂದ ಸೋಲಿಸಿದ. ಮೂರು ಡಾರ್ಟಿಗೆ ಸರಾಸರಿ 106.12, ಇಲ್ಲಿ ಮೊದಲ ಸಲ ಆಡಿದವರಲ್ಲಿ ಅಷ್ಟು ಯಾರೂ ತೆಗೆದಿರಲಿಲ್ಲ. ನನ್ನ ಇಪ್ಪತ್ತಾರರ ಪಕ್ಕ ಇಟ್ಟು ನೋಡಿ. ಹೇಗಪ್ಪಾ ತಯಾರಿ ಅಂದರೆ ಬೆಳಗ್ಗೆ ಆಮ್ಲೆಟ್, ಆಮೇಲೆ ಪಿಜ್ಜಾ ಅಂದ. ಮುಂದೆ ಐದು ಬಾರಿಯ ವಿಶ್ವ ಚಾಂಪಿಯನ್ ರೇಮಂಡ್ ವಾನ್ ಬಾರ್ನೆವೆಲ್ಡ್ ಎದುರಾದರು. ಹುಡುಗ ನೋಡಿಕೊಂಡು ಬೆಳೆದ ಆಟಗಾರ. ಅವರನ್ನೂ 4–1ರಿಂದ ಮನೆಗೆ ಕಳಿಸಿದ. ಸೆಮಿಫೈನಲ್‌ನಲ್ಲಿ 2018ರ ಚಾಂಪಿಯನ್ ರಾಬ್ ಕ್ರಾಸ್ ವಿರುದ್ಧ 6–2.

ಹಂಫ್ರೀಸ್ ಕಥೆ ಬೇರೆ. ಡಾರ್ಟ್ಸ್‌ಗೆ ಬರುವ ಮುಂಚೆ ಚಾವಣಿ ಹಾಕುವ ಕೆಲಸ ಮಾಡುತ್ತಿದ್ದರು. ಆತಂಕದ ಕಾಯಿಲೆ ಇತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಕೈ ನಡುಗಿದರೆ ಕಡಲೆಕಾಳು ಗುರಿಯ ಆಟ ಏನಾಗಬೇಕು? ಅದರಿಂದ ಎದ್ದು ಬಂದರು. 2023ರ ಕೊನೆಯಲ್ಲಿ ಎರಡು ತಿಂಗಳೊಳಗೆ ಮೂರು ದೊಡ್ಡ ಪ್ರಶಸ್ತಿ ಗೆದ್ದಿದ್ದರು. ಆದರೂ ಈ ಟೂರ್ನಮೆಂಟಿನಲ್ಲಿ ಎರಡು ಸಲ ಹೊರಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ರಿಕಾರ್ಡೊ ಪೀಟ್ರೆಚ್ಕೊ ಎದುರು 1–3ರಲ್ಲಿದ್ದು 4–3ಕ್ಕೆ ಗೆದ್ದರು. ಮುಂದಿನ ಸುತ್ತಿನಲ್ಲಿ ಜೋ ಕಲೆನ್ ಎದುರು ಆಟ ಕೊನೆಯ ಒಂದೇ ಲೆಗ್‌ಗೆ ಬಂದು ನಿಂತಿತ್ತು. ಅದಾದ ಮೇಲೆ ಸೆಮಿಫೈನಲ್‌ನಲ್ಲಿ ಸ್ಕಾಟ್ ವಿಲಿಯಮ್ಸ್‌ಗೆ ಒಂದು ಸೆಟ್ ಕೂಡ ಬಿಟ್ಟುಕೊಡದೆ 6–0.

ಫೈನಲ್‌ನಲ್ಲಿ ಮೊದಲು ಏಳು ಸೆಟ್ ಗೆದ್ದವರು ಚಾಂಪಿಯನ್. ಒಂದು ಸೆಟ್‌ಗೆ ಮೂರು ಲೆಗ್ ಗೆಲ್ಲಬೇಕು. ಆರು ಸೆಟ್ ಮುಗಿದಾಗ ಹುಡುಗ 4–2ರಲ್ಲಿ ಮುಂದಿದ್ದ. ಏಳನೇ ಸೆಟ್ಟೂ ಅವನ ಕೈಗೆ ಬಂದಿತ್ತು. ಉಳಿದಿದ್ದು ನಾಲ್ಕು. ಎರಡರ ಡಬಲ್. ಕೈಯಲ್ಲಿ ಒಂದು ಡಾರ್ಟ್. ಬಿದ್ದರೆ 5–2.

ತಪ್ಪಿತು.

ಟಿವಿಯಲ್ಲಿ ಅದನ್ನು ಬೇಕಾದಷ್ಟು ಸಲ ತಿರುಗಿಸಿ ಹಾಕುತ್ತಾರೆ. ನೋಡಿದರೆ ಅಂಥದ್ದೇನೂ ಇಲ್ಲ. ಹುಡುಗನ ಮುಖವೂ ಬದಲಾಗಲ್ಲ. ಹೋಗಿ ಡಾರ್ಟ್ ಕಿತ್ತುಕೊಂಡು ಬರುತ್ತಾನೆ. ಆದರೆ ಹಂಫ್ರೀಸ್ ಆ ಸೆಟ್ ಎತ್ತಿಕೊಂಡರು, 4–3. ಆಮೇಲಿನದೂ ಅವರದು. ಅದರಾಚೆಯದೂ. ಒಟ್ಟು ಐದು ಸೆಟ್ ಸಾಲಾಗಿ. ಹುಡುಗ ನಾಲ್ಕರಲ್ಲೇ ನಿಂತುಬಿಟ್ಟ. ಕೊನೆಯ ಲೆಕ್ಕದಲ್ಲಿ ಹಂಫ್ರೀಸ್ ಸರಾಸರಿ 103.67, ಲಿಟ್ಲರ್ ಸರಾಸರಿ 101.13. ಇಷ್ಟೇ ಇಷ್ಟು ಅಂತರ. ಐದು ಲಕ್ಷ ಪೌಂಡ್ ಒಬ್ಬರಿಗೆ, ಎರಡು ಲಕ್ಷ ಇನ್ನೊಬ್ಬನಿಗೆ. ಬ್ರಿಟನ್ನಿನ ಸ್ಕೈ ಚಾನೆಲ್‌ನಲ್ಲಿ ಒಂದು ಹೊತ್ತಿನಲ್ಲಿ 37 ಲಕ್ಷ ಜನ ಈ ಆಟ ನೋಡುತ್ತಿದ್ದರು. ಫುಟ್‌ಬಾಲ್ ಬಿಟ್ಟರೆ ಆ ಚಾನೆಲ್ ಕಂಡ ಅತಿ ಹೆಚ್ಚು ನೋಡುಗರು. ಗೆದ್ದ ಮೇಲೆ ಹಂಫ್ರೀಸ್ ಒಂದು ಮಾತು ಒಪ್ಪಿಕೊಂಡರು. ಇದೊಂದನ್ನು ಈಗಲೇ ಗೆದ್ದುಕೊಳ್ಳಬೇಕು, ಮುಂದೆ ಈ ಹುಡುಗ ಯಾರನ್ನೂ ಬಿಡಲ್ಲ ಅಂತ ಒಳಗೊಳಗೇ ಅನ್ನಿಸುತ್ತಿತ್ತಂತೆ.

ಡಾರ್ಟ್ಸ್‌ನ ಹಳೇ ಕಥೆಗಳನ್ನು ಕೆದಕಿದರೆ ಇಂಥ ಬೀಳದ ಡಾರ್ಟುಗಳೇ ಜಾಸ್ತಿ ಸಿಗುತ್ತವೆ. 2023ರ ಫೈನಲ್ ನೋಡಿ. 501 ಕಳೆಯೋಕೆ ಕಡಿಮೆ ಅಂದರೂ ಒಂಬತ್ತು ಡಾರ್ಟ್ ಬೇಕು. ಒಂಬತ್ತರಲ್ಲೇ ಮುಗಿಸೋದು ಈ ಆಟದ ಪರಮ ಪದವಿ. ಹಾಲೆಂಡಿನ ಮೈಕಲ್ ವಾನ್ ಗರ್ವೆನ್ ಎಂಟು ಡಾರ್ಟ್ ಸರಿಯಾಗಿ ಎಸೆದು, ಒಂಬತ್ತನೆಯದನ್ನು ಹನ್ನೆರಡರ ಡಬಲ್‌ನಲ್ಲಿ ತಪ್ಪಿಸಿಕೊಂಡರು. ಎದುರಿಗಿದ್ದ ಮೈಕಲ್ ಸ್ಮಿತ್ ಕೂಡ ಆಗ ಆರು ಡಾರ್ಟ್ ಸರಿಯಾಗಿಯೇ ಎಸೆದಿದ್ದರು. ಅವರು ಬಂದು ಉಳಿದ ಮೂರನ್ನೂ ಕೂರಿಸಿದರು. ಅದೇ ಹನ್ನೆರಡರ ಡಬಲ್, ಅದೇ ಲೆಗ್! ಟಿವಿಯಲ್ಲಿ ವಿವರಣೆ ಕೊಡುತ್ತಿದ್ದವರಿಗೆ ಮಾತೇ ಹೊರಡಲಿಲ್ಲ. ಆ ಫೈನಲ್ ಗೆದ್ದವರೂ ಸ್ಮಿತ್, 7–4.

ನನಗೆ ಇನ್ನೂ ಇಷ್ಟವಾದದ್ದು 1983ರದು. ಸ್ಟೋಕ್ ಊರಿನ ಒಂದು ಕ್ಲಬ್. ಎರಿಕ್ ಬ್ರಿಸ್ಟೋ ಅಂದರೆ ಆಗ ಈ ಆಟದ ರಾಜ. ಎದುರಿಗೆ ಕೀತ್ ಡೆಲ್ಲರ್, ಅರ್ಹತಾ ಸುತ್ತಿನಿಂದ ಬಂದ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ. ಫೈನಲ್ ಕೊನೆಗೆ ಬಂದಿದೆ. ಬ್ರಿಸ್ಟೋಗೆ ಉಳಿದಿದ್ದು 50, ಕೈಯಲ್ಲಿ ಒಂದು ಡಾರ್ಟ್. ಬುಲ್ ಹೊಡೆದರೆ ಆ ಲೆಗ್ ಅವರದು. ಆದರೆ ಡೆಲ್ಲರ್‌ಗೆ ಇನ್ನೂ 138 ಬೇಕು. ಮೂರು ಡಾರ್ಟಲ್ಲಿ ಎಲ್ಲಿ ಹೊಡೀತಾನೆ ಅಂದುಕೊಂಡರೋ ಏನೋ, ಬುಲ್ ಗೊಡವೆ ಬೇಡ ಅಂತ 18 ತೆಗೆದು, ತಮ್ಮ ನೆಚ್ಚಿನ 32 ಉಳಿಸಿಕೊಂಡು ಹಿಂದೆ ಸರಿದರು. ಡೆಲ್ಲರ್ ಬಂದ. ಇಪ್ಪತ್ತರ ಟ್ರಿಬಲ್, 60. ಹದಿನೆಂಟರ ಟ್ರಿಬಲ್, 54. ಹನ್ನೆರಡರ ಡಬಲ್, 24. ಕೂಡಿ ನೋಡಿ. ಬ್ರಿಸ್ಟೋಗೆ ಆ 32ಕ್ಕೆ ಎಸೆಯುವ ಸರದಿಯೇ ಬರಲಿಲ್ಲ. ಎಸೆದು ತಪ್ಪಿದ ಡಾರ್ಟು ಒಂದು ಥರ, ಎಸೆಯದೇ ಉಳಿಸಿಕೊಂಡ ಡಾರ್ಟು ಇನ್ನೊಂದು ಥರ. ಮುಂದೆ ಕೆಲವು ವರ್ಷಕ್ಕೆ ಅದೇ ಬ್ರಿಸ್ಟೋಗೆ ಬೆರಳಿನಿಂದ ಡಾರ್ಟ್ ಬಿಡಲು ಬಾರದ ತೊಂದರೆ ಅಂಟಿಕೊಂಡಿತು. ಗುರಿ ಇಟ್ಟು ನಿಂತರೆ ಕೈ ಮುಂದೆ ಹೋಗುತ್ತದೆ, ಡಾರ್ಟ್ ಕೈ ಬಿಡಲ್ಲ. ಡಾರ್ಟೈಟಿಸ್ ಅಂತ ಅದಕ್ಕೊಂದು ಹೆಸರೇ ಇದೆ.

ಲಿಟ್ಲರ್‌ಗೆ ಹಾಗೇನಾದರೂ ಆಯಿತಾ? ಇಲ್ಲ. ನಾಲ್ಕೂವರೆ ತಿಂಗಳಿಗೆ, 2024ರ ಮೇ 23ರಂದು, ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಮತ್ತೆ ಅದೇ ಹಂಫ್ರೀಸ್ ಎದುರಾದರು. ಹುಡುಗ 11–7ರಲ್ಲಿ ಗೆದ್ದ. ಆ ಆಟದ ನಡುವೆ ಒಂಬತ್ತು ಡಾರ್ಟಿನ ಲೆಗ್ ಒಂದನ್ನೂ ಮುಗಿಸಿದ.

ಮತ್ತೆ ಡಿಸೆಂಬರ್ ಬಂತು, ಮತ್ತೆ ಆಲಿ ಪ್ಯಾಲಿ. ಈಗ ಅವನು ಯಾರಿಗೂ ಗೊತ್ತಿಲ್ಲದ ಹುಡುಗ ಅಲ್ಲ, ಗೆಲ್ಲಲೇಬೇಕಾದವನು. ಮೊದಲ ಆಟ ರಯಾನ್ ಮೀಕಲ್ ಎದುರು. ಮೂರು ಸೆಟ್ ಕುಂಟುತ್ತಾ ಸಾಗಿತು. ನಾಲ್ಕನೇ ಸೆಟ್‌ಗೆ ಏನಾಯಿತೋ, ಮೂರು ಲೆಗ್ಗನ್ನು 11, 10, 11 ಡಾರ್ಟಲ್ಲಿ ಮುಗಿಸಿಬಿಟ್ಟ. ಒಟ್ಟು 32 ಡಾರ್ಟ್. ಆ ಸೆಟ್ಟಿನ ಸರಾಸರಿ 140.91. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಸೆಟ್‌ಗೆ ಅದು ದಾಖಲೆ. ಗೆದ್ದು ಮೈಕಿನ ಮುಂದೆ ಬಂದವನು ಒಂದು ಮಾತಾಡಿ ಮುಗಿಸುವಷ್ಟರಲ್ಲಿ ಬಿಕ್ಕಿ ಅತ್ತ. ಎರಡರ ಡಬಲ್ ತಪ್ಪಿದಾಗ ಅಲುಗದ ಮುಖ ಗೆದ್ದಾಗ ಒಡೆದುಹೋಯಿತು.

2025ರ ಜನವರಿ 3ರ ಫೈನಲ್‌ನಲ್ಲಿ ಎದುರಾಳಿ ಮೂರು ಬಾರಿಯ ಚಾಂಪಿಯನ್ ವಾನ್ ಗರ್ವೆನ್. ಹೌದು, ಆ ಹನ್ನೆರಡರ ಡಬಲ್‌ನವರೇ. ಶುರುವಾಗಿ ಸ್ವಲ್ಪ ಹೊತ್ತಿಗೆ 4–0. ಕೊನೆಗೆ 7–3. ಹದಿನೇಳು ವರ್ಷಕ್ಕೆ ವಿಶ್ವ ಚಾಂಪಿಯನ್, ಈ ಆಟದ ಚರಿತ್ರೆಯಲ್ಲೇ ಅತಿ ಚಿಕ್ಕವನು. ಆಲಿ ಪ್ಯಾಲಿಯ ಆಟ ನಡೆಸುವ ಪಿಡಿಸಿ ಸಂಘಟನೆಯ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕೂ ಹಿಂದಿನ ಕಿರಿಯ ಚಾಂಪಿಯನ್ ಇದೇ ವಾನ್ ಗರ್ವೆನ್, 2014ರಲ್ಲಿ, 24ನೇ ವಯಸ್ಸಿಗೆ. 2026ರಲ್ಲೂ ಲಿಟ್ಲರನೇ. ಹಾಲೆಂಡಿನ ಗಿಯಾನ್ ವಾನ್ ವೀನ್ ಎದುರು 7–1, ಬಹುಮಾನ ಹತ್ತು ಲಕ್ಷ ಪೌಂಡ್. ಆ ಆಟದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಒಂದು ಕಡೆಯ ಆಟ.

ಆದರೆ ಅದೇ ಟೂರ್ನಮೆಂಟಿನ ಮೊದಲ ಸುತ್ತಿನ ಒಂದು ಫಲಿತಾಂಶ ನಮ್ಮ ಕಡೆಯದು. ನಿತಿನ್ ಕುಮಾರ್, ಪಕ್ಕದ ಚೆನ್ನೈನವರು. 2018ರ ಡಿಸೆಂಬರ್‌ನಲ್ಲಿ ಆಲಿ ಪ್ಯಾಲಿ ವೇದಿಕೆ ಹತ್ತಿದಾಗ ಹಾಲೆಂಡಿನ ಜೆಫ್ರಿ ಡಿ ಜ್ವಾನ್ ಎದುರು 0–3. ಆಮೇಲೂ ಹೋದರು, ಸೋತರು, ಮತ್ತೆ ಹೋದರು. 2025ರ ಡಿಸೆಂಬರ್‌ನಲ್ಲಿ ಹಾಲೆಂಡಿನವರೇ ಆದ ರಿಚರ್ಡ್ ವೀನ್ಸ್ಟ್ರಾ ಎದುರು ಐದೂ ಸೆಟ್ ಆಡಿ 3–2ಕ್ಕೆ ಗೆದ್ದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಪಂದ್ಯ ಗೆದ್ದ ಮೊದಲ ಭಾರತೀಯ. ಬಾಳೆಹಣ್ಣಿನ ವೇಷದವರೂ ಪಾದ್ರಿ ವೇಷದವರೂ ಅವತ್ತು ಚೆನ್ನೈನವರಿಗೆ ಜೈ ಅಂದರು.

ಮೊನ್ನೆ ಭಾನುವಾರ ನಮ್ಮನೆ ಬೋರ್ಡನ್ನು ಗೂಟದಿಂದ ಇಳಿಸಿದೆ. ಒಂದೇ ಕಡೆ ಎಸೆದೂ ಎಸೆದೂ ನಾರು ಸವೆಯುತ್ತದೆ. ಹಾಗಾಗಿ ಅಂಕಿಯ ತಂತಿ ಉಂಗುರ ಬಿಚ್ಚಿ, ಬೋರ್ಡು ತಿರುಗಿಸಿ, ಉಂಗುರ ಮತ್ತೆ ಹಾಕಬೇಕು. ಆಗ ಇಪ್ಪತ್ತು ಹೊಸ ಜಾಗಕ್ಕೆ ಬರುತ್ತದೆ. ನೋಡಿದರೆ 20ರ ಸುತ್ತ ನಾರು ಹಳೇ ಬ್ರಷ್ಷಿನ ಹಾಗೆ ಎದ್ದಿದೆ. ಐದರಲ್ಲೂ ಒಂದರಲ್ಲೂ ಅದೇ ಕಥೆ, ಲಾಡ್ಜಿನ ಗಿರಾಕಿ ಅಂತ ಆಗಲೇ ಹೇಳಿದೆನಲ್ಲ. ಕೆಳಗೆ ಬಲಕ್ಕೆ, ಎರಡರ ಡಬಲ್ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಕೆಂಪಗೆ ಮಿನುಗುತ್ತಿತ್ತು. ಅದರ ಪಕ್ಕದ ಗೋಡೆಯಲ್ಲಿ ಹನ್ನೊಂದು ತೂತು ಎಣಿಸಿದೆ. ಕ್ಯಾಲೆಂಡರು ಅಲ್ಲಿಯ ತನಕ ಬರಲ್ಲ.

ನಮಸ್ಕಾರ.